ಐದು ನಲವತ್ತರ ಕಳ್ಳ

ತೊಂಬತ್ತರ ದಶಕದ ಮೊದಲ ವರ್ಷಗಳು. ಮುಂಬಯಿಯ ದಾದರ್‌ನ ಪುಟ್ಟ ಆಫೀಸಿನಲ್ಲಿ ನಾವು ಏಳು ಜನ ಸೇರಿ, ಛಾಪಖಾನೆಗಳಿಗಾಗಿ ಮರಾಠಿ ಲಗ್ನಪತ್ರಿಕೆ ಜೋಡಿಸುವ ಪ್ರೋಗ್ರಾಂ ಬರೆದಿದ್ದೆವು. ನಾವು ಮಾರುವ ಮೊದಲೇ ಅದು ಕಳ್ಳಸಂತೆಯಲ್ಲಿತ್ತು. ಸಂತೆಯೆಂದರೆ ಯಾರದೋ ಮನೆಯ ಕಂಪ್ಯೂಟರ್. ಕಂಪ್ಯೂಟರನ್ನು ಫೋನ್ ತಂತಿಗೆ ಸೇರಿಸುವ ಮೋಡೆಮ್ಮಿನಿಂದ ಅಲ್ಲಿಗೆ ಫೋನ್ ಹಚ್ಚಿದರೆ, ಅದು ಕಿರಿಚಾಡಿದ ಮೇಲೆ ಪರದೆಯಲ್ಲಿ ಕದ್ದ ಮಾಲಿನ ಪಟ್ಟಿ ಮೂಡುತ್ತಿತ್ತು. ಮಾರುವವರಿಗೆ ಹೆಸರಿಲ್ಲ, ಮುಖವಿಲ್ಲ.

"ನಮ್ಮವರಲ್ಲೇ ಯಾರೋ ಇದಾರೆ. ಹುಡುಕು," ಎಂದರು ಮಾಲೀಕರು ನನ್ನನ್ನು ಕರೆದು. ಪತ್ತೇದಾರನ ಗತ್ತು ನನ್ನ ನೆತ್ತಿಗೇರಿತು. ಅಂದಿನಿಂದ ಎಲ್ಲರ ಕೈಚೀಲದ ಮೇಲೂ ನನ್ನ ಕಣ್ಣು.

ಕಂಪ್ಯೂಟರಿನಲ್ಲಿ ಅಳಿಸಿದ್ದು ಕೂಡಲೇ ಮಾಯವಾಗುವುದಿಲ್ಲ, ಬಹಳ ದಿನ ಒಳಗೇ ಬಿದ್ದಿರುತ್ತದೆ. ನಡುಕೋಣೆಯಲ್ಲಿ ಎಲ್ಲರೂ ಬಳಸುತ್ತಿದ್ದ ಮಷೀನನ್ನು ಎರಡು ದಿನ ಕೆದಕಿದೆ. ಕಳ್ಳನು ನಮ್ಮ ಪ್ರೋಗ್ರಾಮನ್ನು ಕಟ್ಟಿ, ಫ್ಲಾಪಿಗೆ ಸಾಗಿಸಿ, ಆಮೇಲೆ ಅಳಿಸಿದ್ದ ಫೈಲ್ ಸಿಕ್ಕಿತು. ಅದರ ಮೇಲಿದ್ದ ಸಮಯ ಶುಕ್ರವಾರ ಸಂಜೆ ಐದು ನಲವತ್ತು.

ಐದೂವರೆಗೆ ನಾವೆಲ್ಲ ಹೊರಡುತ್ತಿದ್ದೆವು. ಬೀಗ ಹಾಕಲು ಉಳಿಯುತ್ತಿದ್ದವರು ಒಬ್ಬರೇ, ಧಾರವಾಡದ ಕಡೆಯ ಹಿರಿಯರು, ನನಗೆ ಕೆಲಸ ಕಲಿಸಿದವರು. ಬೆಳಿಗ್ಗೆ ಸಯನ್‌ನಿಂದ ಇಬ್ಬರೂ ಒಂದೇ ಲೋಕಲ್ ರೈಲು ಹಿಡಿಯುತ್ತಿದ್ದೆವು. ಮರುದಿನ ಗಾಡಿಯಲ್ಲಿ ಅವರು ಎಂದಿನಂತೆ ನಕ್ಕರು. ಆ ನಗುವೂ ನನಗೆ ನಾಟಕವೆನಿಸಿತು.

"ಯಾಕೋ ತಮ್ಮಾ, ಮಾರಿ ಬಾಡೇದಲ್ಲ?" ಎಂದರು.

ನಾನು ಅವರ ಚೀಲವನ್ನೇ ನೋಡಿದೆ. ಅವತ್ತೇ ಮಾಲೀಕರಿಗೆ ಹೇಳಿದೆ. ಸಂಜೆಯೊಳಗೆ ಆ ಹಿರಿಯರ ಕೆಲಸ ಹೋಯಿತು.

ಹತ್ತು ದಿನ ಕಳೆದು ಅದೇ ಮಷೀನಿನ ಮುಂದೆ ಕೂತಿದ್ದಾಗ ಕೈಗಡಿಯಾರ ನೋಡಿಕೊಂಡೆ. ಮಷೀನಿನ ಗಡಿಯಾರ ಇಪ್ಪತ್ತು ನಿಮಿಷ ಮುಂದಿತ್ತು. ಸಂಜೆಯ ಲೋಕಲ್ ತಪ್ಪಬಾರದೆಂದು, ಮನೆಯ ಗೋಡೆ ಗಡಿಯಾರದ ಹಾಗೆ, ಅದನ್ನೂ ಮುಂದಕ್ಕೆ ತಿರುಗಿಸಿದ್ದವನು ನಾನೇ. ತಿಂಗಳುಗಳ ಹಿಂದಿನ ಮಾತು, ಮರೆತೇಬಿಟ್ಟಿದ್ದೆ. ಹಾಗಾದರೆ ಕಳ್ಳತನ ನಡೆದದ್ದು ಐದು ಇಪ್ಪತ್ತಕ್ಕೆ. ಆಗ ಏಳೂ ಜನ ಆಫೀಸಿನಲ್ಲೇ ಇದ್ದೆವು.

ಅವತ್ತೇ ಆ ಹಿರಿಯರ ಮನೆಗೆ ಹೋಗಿ, ಹೊಸ್ತಿಲ ಹೊರಗೇ ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

"ಮಾಲೀಕರಿಗೆ ಹೇಳೀಯೇನು?"

"ಇನ್ನೂ ಇಲ್ಲ."

"ಹಂಗಾರ ಮೊದಲ ಅಲ್ಲಿ ಹೋಗಿ ಹೇಳು. ಆಮ್ಯಾಲ ನನ್ನ ಮನೀಗೆ ಬಾ," ಎಂದು ಬಾಗಿಲು ಹಾಕಿಕೊಂಡರು.

ಹೇಳಿದರೆ ಸಂಶಯ ಉಳಿದ ಆರು ಜನರ ಮೇಲೆ ತಿರುಗುತ್ತಿತ್ತು, ಅದರಲ್ಲೂ ಗಡಿಯಾರ ತಿರುಗಿಸಿದ ನನ್ನ ಮೇಲೆ. ನನಗೆ ಹೆದರಿಕೆಯಾಯಿತು. ಇನ್ನೂ ಎರಡು ವರ್ಷ ಅದೇ ಆಫೀಸಿನಲ್ಲಿದ್ದೆ. ಮಾಲೀಕರ ಕೋಣೆಯ ಮುಂದಿನಿಂದ ದಿನವೂ ಹಾದುಹೋದೆ. ಒಂದು ದಿನವೂ ಒಳಗೆ ಹೋಗಲಿಲ್ಲ.