ಮೀನಿಗೆ ಹಿಟ್ಟಿನ ಉಂಡೆ

ಅರವತ್ತರ ದಶಕದಲ್ಲಿ ಅಹಮದಾಬಾದಿಗೆ ವರ್ಗವಾಗಿ ಬಾಡಿಗೆ ಮನೆ ಕೇಳಲು ಹೋದಾಗ ನಾನೊಂದು ಸುಳ್ಳು ಹೇಳಬಹುದಿತ್ತು. ನನ್ನ ಬಾಯಿ ಕೇಳಬೇಕಲ್ಲ!

"ಏನು ಕೆಲಸ, ಭಾಯಿ?" ಎಂದು ಕೇಳಿದವರು ಮನೆಯ ಯಜಮಾನಿ, ಈರುಳ್ಳಿಯನ್ನೂ ಮುಟ್ಟದ ಜೈನರ ಅಜ್ಜಿ.

"ಯಾವ ದೇಶದವರು ಸಮುದ್ರದಲ್ಲಿ ಎಷ್ಟು ಮೀನು ಹಿಡಿದರು, ಎಲ್ಲಿ ಮಾರಿದರು ಅಂತ ವರದಿ ಬರೆಯೋದು, ಮಾತಾಜಿ."

ನನ್ನ ಹೆಂಡತಿ ಕೆಳಗಿಟ್ಟಿದ್ದ ಟ್ರಂಕನ್ನು ಮತ್ತೆ ಎತ್ತಿಕೊಂಡಳು.

"ಹಿಡಿಯೋದು ಕಮ್ಮಿ ಆಗ್ತಿದೆಯಾ?" ಅಜ್ಜಿ ಕೇಳಿದರು.

"ಇಲ್ಲ. ಜಪಾನ್, ಪೆರು, ಎಲ್ಲಾ ಕಡೆ ಏರ್ತಾನೇ ಇದೆ."

ಅಜ್ಜಿ ಕಣ್ಣು ಮುಚ್ಚಿ ಆ ಮೀನುಗಳಿಗೆಲ್ಲ ಕೈ ಮುಗಿದರು. ಆಮೇಲೆ ಬೀಗದ ಕೈ ಮುಂದೆ ಚಾಚಿದರು. "ಮನೆಯೊಳಗೆ ಮೀನು ತರಬಾರದು. ಭಾನುವಾರ ನನ್ನ ಜೊತೆ ಕಾಂಕರಿಯಾ ಕೆರೆಗೆ ಬಂದು ಮೀನಿಗೆ ಹಿಟ್ಟಿನ ಉಂಡೆ ಹಾಕಬೇಕು. ಹಿಟ್ಟು ನನ್ನದು."

ಭಾನುವಾರ ಉಂಡೆ ಬಿದ್ದ ಕಡೆಯೆಲ್ಲ ನೀರು ಕುದಿಯುವ ಹಾಗೆ ಮೀನು ಮುತ್ತಿದವು.

"ಇವನ್ನೂ ಬರೀತೀಯಾ?" ಅಜ್ಜಿಯ ದನಿಯಲ್ಲಿ ಆತಂಕವಿತ್ತು.

"ಇದು ಕೆರೆ, ಮಾತಾಜಿ. ನಮ್ಮ ವರದಿಗೆ ಬರೋದಿಲ್ಲ."

"ಹಾಗಾದರೆ ಇವು ಬದುಕಿದವು!" ಎಂದು ಅಜ್ಜಿ ಬೊಚ್ಚು ಬಾಯಿ ತುಂಬ ನಕ್ಕರು.

ಬಂಗುಡೆ ಮೀನು ತಿಂದೇ ಬೆಳೆದ ನನಗೂ ಯಾಕೋ ಸಮಾಧಾನವಾಯಿತು. ಕುಂದಾಪುರದಲ್ಲಿದ್ದ ಅಮ್ಮನಿಗೆ ಮಾತ್ರ ಇದನ್ನು ಕೊನೆಯವರೆಗೂ ಹೇಳಲಿಲ್ಲ.