ಹುಲಿ ಪಂಜದ ಆನೆ

ಹೊಸ ಮನೆಗೆಂದು ವಿದೇಶದಲ್ಲಿ ನೆಲೆಸಿದ ತಂಗಿ ಸುಮಾ, ಸ್ಟರ್ಲಿಂಗ್ ಪಟ್ಟಣದ ಬಳಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಕಪ್ಪು ಬೀರುವೊಂದನ್ನು ಆರಿಸಿ ನನಗೆ ತೋರಿಸಿದಳು. ಅದರ ಮೇಲೆಲ್ಲ ಚಿನ್ನದ ಬಣ್ಣದ ಚೀನೀ ಸೇತುವೆ, ಕೊಡೆ, ಅಕ್ಷರ. ಚೀನಾವನ್ನೇ ಕಾಣದ ಇಂಗ್ಲೆಂಡಿನ ಚಿತ್ರಗಾರ ಬರೆದದ್ದಂತೆ.

ಪಕ್ಕದಲ್ಲಿದ್ದ ಚೀನೀ ಅಜ್ಜಿಯೊಬ್ಬರು ಬಗ್ಗಿ ಓದಲು ಹೋಗಿ, "ಇವು ಅಕ್ಷರಗಳೇ ಅಲ್ಲ!" ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕುಬಿಟ್ಟರು.

ಊರಲ್ಲಿ ಆನೆಗಳ ಡಾಕ್ಟರಾಗಿದ್ದ ನನಗೆ ಸೇತುವೆಯ ಮೇಲಿನ ಆನೆ ಕಂಡಿತು. "ಆನೆಗೆ ಹುಲಿ ಪಂಜ ಹಾಕಿದ್ದಾನೆ ಕಣೇ!" ಎಂದೆ. ಅಜ್ಜಿಗೂ ತೋರಿಸಿದೆ. ಅವರು ನನ್ನ ತೋಳು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಸುಮಾಳ ಮುಖ ಸಪ್ಪಗಾಯಿತು. ಅವಳ ಆಸೆ ಕೆಡಿಸಿದೆನಲ್ಲಾ ಎಂದು ನನಗೆ ಕೆಡುಕೆನಿಸಿತು.

ಅವಳು ಆನೆಯನ್ನೊಮ್ಮೆ, ನಮ್ಮಿಬ್ಬರನ್ನೊಮ್ಮೆ ನೋಡಿ ಅಂಗಡಿಯವನನ್ನು ಕರೆದು, ನನ್ನತ್ತ ತಿರುಗಿದಳು. "ಇದನ್ನೇ ಫೈನಲ್ ಮಾಡ್ತೀನಿ ಅಕ್ಕ. ಮನೆಗೆ ಬಂದೋರೆಲ್ಲ ಹೀಗೇ ನಗ್ಲಿ."