ನನ್ನ ಷಡ್ಡಕನ ಎಲೆಕೋಸು

ಅತ್ತೆಯ ಮನೆಯ ಅಡುಗೆ ಕಟ್ಟೆಯ ಮೇಲೆ ಹೆಚ್ಚಿದ ಎಲೆಕೋಸು ಅನಾಥವಾಗಿ ಬಿದ್ದಿತ್ತು. ಪಕ್ಕದ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಹಿರಿಯ ಅಳಿಯನೂ ಕೆಲಸಕ್ಕೆ ಬರುತ್ತಾನೆಂದು ಎಲ್ಲರಿಗೂ ತಿಳಿಯಲಿ ಎಂದು ಕೋಸನ್ನೆಲ್ಲ ಬಾಚಿ ನೀರಿಗೆ ಸುರಿದೆ.

"ಅಯ್ಯೋ! ಅದನ್ನ ಸ್ವಲ್ಪ ಹೊತ್ತು ಹಾಗೇ ಬಿಡ್ಬೇಕಂತೆ ರೀ!" ಎಂದು ನನ್ನ ಹೆಂಡತಿ ಕಿರುಚಿದಳು. ನಾದಿನಿ ತಲೆಯ ಮೇಲೆ ಕೈಹೊತ್ತಳು. ಅತ್ತೆ, ಮನೆಗೆ ಬೆಂಕಿ ಬಿದ್ದಂತೆ, ಓಡಿ ಬಂದರು. ಕೊನೆಗೆ ಬಂದವನು ನಾದಿನಿಯ ಗಂಡ, ನನ್ನ ಷಡ್ಡಕ. ಪಾತ್ರೆಯೊಳಗೆ ಇಣುಕಿ, "ಪರವಾಗಿಲ್ಲ ಅಣ್ಣ, ಸತ್ವ ಒಂದಿಷ್ಟು ನೀರಿಗಿಳಿದಿರುತ್ತೆ, ಆ ನೀರನ್ನೇ ಕುಡಿದ್ಬಿಡಿ" ಎಂದ. ಎಲ್ಲರೂ ನೋಡುತ್ತ ನಿಂತಿದ್ದರಿಂದ ಕುಡಿಯಲೇಬೇಕಾಯಿತು.

ಷಡ್ಡಕ ಒಂದು ಪ್ರಯೋಗಾಲಯದಲ್ಲಿ ಸೊಪ್ಪು ಅರೆಯುವ ಕೆಲಸದವನು. ಎಲೆಕೋಸು, ಸಾಸಿವೆ ಸೊಪ್ಪು, ಮೂಲಂಗಿ ಸೊಪ್ಪು, ಎಲ್ಲ ಒಂದೇ ಕುಲದವಂತೆ. ಅರೆದು, ಸೋಸಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹನಿಸಿ, ಅವು ಸೊರಗುತ್ತವೋ ಇಲ್ಲವೋ ನೋಡುತ್ತಾನೆ. ಅವನ ಅಂಗಿಗೂ ಕೋಸಿನ ವಾಸನೆ, ಮದುವೆಯ ಸೂಟಿಗೂ ಕೋಸಿನ ವಾಸನೆ. ಮಾತು ಕಡಿಮೆ, ಆಡಿದರೆ ಸೊಪ್ಪಿನ ಮಾತು. ಹೆಚ್ಚಿದಾಗ ಎಲೆಯೊಳಗೆ ದೂರದೂರವಿದ್ದ ಎರಡು ವಸ್ತುಗಳು ಕೂಡಿ, ಘಾಟಿನ ಹೊಸ ವಸ್ತುವೊಂದು ಹುಟ್ಟುತ್ತದಂತೆ. ಕ್ಯಾನ್ಸರ್ ತಡೆಯಲು ಅದು ನೆರವಾಗಬಹುದಂತೆ. ಹೆಚ್ಚಿದ ಕೂಡಲೇ ಕುದಿಸಿದರೆ ಹುಟ್ಟಲು ಅವಕಾಶವೇ ಇಲ್ಲವಂತೆ.

ಇಷ್ಟು ಹೇಳಿಯೇ ಅವನು ಅತ್ತೆಯ ಮನೆಯ ಕೈಯಿರುವ ಕುರ್ಚಿಯನ್ನು ಗೆದ್ದುಕೊಂಡ. ಮೊದಲು ಅದರಲ್ಲಿ ಕೂರುತ್ತಿದ್ದವನು ನಾನು. ನನ್ನ ಮಕ್ಕಳೇ "ಕೋಸು ಚಿಕ್ಕಪ್ಪ ಬಂದ" ಎಂದು ಕುಣಿಯುತ್ತಾರೆ. ನಾನು ಪತ್ರಿಕೆಗೆ ವಾರವಾರ ಹಾಸ್ಯ ಬರೆಯುತ್ತೇನೆ; ಆ ಪುಟವನ್ನು ಹಾಸಿಕೊಂಡು ಅತ್ತೆ ಕೋಸು ಹೆಚ್ಚುತ್ತಾರೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಅತ್ತೆಯ ಅಕ್ಕ ಕರುಳಿನ ಕ್ಯಾನ್ಸರಿನಿಂದ ಹೋದವರು. ಈಚೆಗೆ ಅತ್ತೆಗೂ ಮಲದಲ್ಲಿ ರಕ್ತ ಕಾಣಿಸಿತು. ಕರುಳಿನೊಳಗೆ ಕ್ಯಾಮೆರಾ ಇರುವ ಕೊಳವೆ ತೂರಿಸಿ ನೋಡಲೇಬೇಕೆಂದರು ಡಾಕ್ಟರು. ಅತ್ತೆ ಜಗ್ಗಲಿಲ್ಲ.

"ದಿನಾ ಕೋಸು ತಿಂತಿದ್ದೀನಲ್ಲ, ನಂಗ್ಯಾಕೆ ಕೊಳವೆ?"

ಹೆಣ್ಣುಮಕ್ಕಳಿಬ್ಬರೂ ಅತ್ತರು. ಕೋಸೇನು ಮದ್ದಲ್ಲ, ತೋರಿಸಿಕೊಳ್ಳಿ ಎಂದು ನಾನೂ ಹೇಳಿದೆ. ಅತ್ತೆ ನಕ್ಕು, ಕಾಫಿ ಬೇಕಾ ಎಂದು ಕೇಳಿದರು.

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಷಡ್ಡಕನ ಸೊಪ್ಪು ಅವನ ಕಾಲಿಗೇ ತೊಡರಿತ್ತು. ಅತ್ತೆಗೆ ಏನಾದರೂ ಆದರೆ ಎಂಬ ಭಯ ಬಂದದ್ದು ಆಮೇಲೆ. ಊಟಕ್ಕೆ ಕೂತಾಗ ಎಲ್ಲರ ಮುಂದೆಯೇ ಕೇಳಿದೆ: "ಏನಪ್ಪಾ, ಕೋಸು ತಿಂದೋರಿಗೆ ಪರೀಕ್ಷೆ ಬೇಡ್ವಾ? ನೀನೇ ಹೇಳ್ಬಿಡು."

ತಡವರಿಸುತ್ತಾನೆಂದು ಕಾದೆ. ಅವನು ತುತ್ತು ನುಂಗಿ ಅತ್ತೆಯ ಕಡೆ ತಿರುಗಿದ.

"ಬೇಕು ಅತ್ತೆ. ನಾನು ಹನಿಸೋದು ಗಾಜಿನ ತಟ್ಟೆಗೆ. ಅಲ್ಲಿ ಸೊರಗಿದ್ದು ನಿಮ್ಮ ಹೊಟ್ಟೇಲೂ ಸೊರಗುತ್ತೆ ಅಂತ ಗ್ಯಾರಂಟಿ ಇಲ್ಲ. ತಿಂದ್ರೆ ಒಳ್ಳೇದಾಗಬಹುದು. 'ಬಹುದು' ಅಷ್ಟೇ. ಒಳಗೆ ಆಗ್ಲೇ ಏನಾದ್ರೂ ಇದ್ರೆ ಅದು ಕೋಸಿಗೆ ಕಾಣಲ್ಲ, ಕೊಳವೆಗೆ ಕಾಣುತ್ತೆ."

"ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು ಅತ್ತೆ.

"ನೀವು ಕೇಳ್ಲಿಲ್ಲ."

ಕುರ್ಚಿ ಮರಳಿ ಸಿಕ್ಕಿತೆಂದೇ ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಅತ್ತೆ ಕೈತೊಳೆದು ಬಂದು, "ಸರಿ, ಈ ವಾರಾನೇ ಹೋಗೋಣ. ಆದ್ರೆ ನೀವು ಜೊತೆಗಿರ್ಬೇಕು" ಎಂದರು. ಹೇಳಿದ್ದು ಅವನಿಗೆ. ಕಾರು ಮಾತ್ರ ನನ್ನದು.

ಪರೀಕ್ಷೆಯಲ್ಲಿ ಒಂದು ಸಣ್ಣ ಗಂಟು ಸಿಕ್ಕಿತು. ಅಲ್ಲೇ ಕತ್ತರಿಸಿ ತೆಗೆದರು. ನೋಡಿದರೆ ಇನ್ನೂ ಕ್ಯಾನ್ಸರ್ ಆದಂತಿಲ್ಲ, ಬಿಟ್ಟಿದ್ದರೆ ಆಗುತ್ತಿತ್ತೇನೋ, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಕಾರಿಡಾರಿನ ಬೆಂಚಿನ ಮೇಲೆ ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ನರ್ಸ್ ಹೊರಗೆ ಬಂದು, "ಚಿಕ್ಕ ಅಳಿಯ ಯಾರು? ಕರೀತಿದ್ದಾರೆ" ಎಂದಳು. ನನ್ನ ಕಣ್ಣೀರು ಅಲ್ಲಿಗೇ ಆರಿತು.

ಎದ್ದು ಹೊರಟವನ ತೋಳು ಹಿಡಿದು ಕೇಳಿಯೇಬಿಟ್ಟೆ: "ನಾನೂ ಅದನ್ನೇ ಅಲ್ವೇನಯ್ಯಾ ಹೇಳಿದ್ದು? ನಿನ್ನ ಮಾತು ಮಾತ್ರ ಯಾಕೆ ಕೇಳ್ತಾರೆ?"

ಅವನು ಮೆಲ್ಲಗೆ ನನ್ನ ಕೈ ಬಿಡಿಸಿಕೊಂಡ.

"ನೀವು ಬಾಯಿ ತೆಗೆದ್ರೆ, ಎಲ್ಲಿ ನಗ್ಬೇಕು ಅಂತ ಕಾಯ್ತಾ ಇರ್ತಾರೆ ಅಣ್ಣ."